ಸಂಜೆಯ ಕೂಲಿ

ಕ್ರಿಸ್ತನು ಹೇಳಿದ ಸಾಮತಿಗಳಲ್ಲಿ, ಕೇಳಿದೊಡನೆಯೇ ಬಾಲಕರು ತಕರಾರು ತೆಗೆಯುವಂಥದೊಂದುಂಟು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷೆಯ ತೋಟದ ಕೂಲಿಗಳ ಕಥೆಯೇ ಅದು. ಯಜಮಾನನು ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನಕ್ಕೆ ಒಂದು ಬೆಳ್ಳಿಯ ನಾಣ್ಯವೆಂದು ಗೊತ್ತುಮಾಡಿ ಆಳುಗಳನ್ನು ಕರೆತಂದನು. ಮೂರನೆಯ, ಆರನೆಯ, ಒಂಬತ್ತನೆಯ ತಾಸುಗಳಲ್ಲಿಯೂ, ಕಡೆಗೆ ಹೊತ್ತು ಮುಳುಗಲು ಒಂದೇ ತಾಸು ಉಳಿದಿರುವಾಗಲೂ ಹೋಗಿ ಮತ್ತಷ್ಟು ಮಂದಿಯನ್ನು ಕರೆದನು. ಸಂಜೆಗೆ ಎಲ್ಲರಿಗೂ ಒಂದೊಂದೇ ನಾಣ್ಯ. ದಿನವೆಲ್ಲ ಬಿಸಿಲಲ್ಲಿ ಬೆಂದವರು ಗೊಣಗಿದರು. ಕಥೆ ಕೇಳುವ ಮಗುವೂ ಅವರ ಪಕ್ಷವೇ.

ಇಲ್ಲಿ ಉಪದೇಶಕನು ಅವಸರಪಟ್ಟು, ದೇವರ ಕೃಪೆಯು ಮನುಷ್ಯರ ಅಳತೆಗೆ ಸಿಕ್ಕತಕ್ಕದ್ದಲ್ಲವೆಂದು ಹೇಳಿ ಮಗುವಿನ ಬಾಯಿ ಮುಚ್ಚಿಸಬಾರದು. ನ್ಯಾಯವೆಂಬ ಬುದ್ಧಿಯು ಆಗತಾನೆ ಚಿಗುರುತ್ತಿರುವಾಗ ಅದನ್ನು ಚಿವುಟಿ, ಆ ಸ್ಥಳದಲ್ಲಿ ದಯೆಯನ್ನು ನೆಡುವೆನೆಂಬುದು ಎಂಥ ಒಕ್ಕಲುತನ? ರೋಮಿನ ಸಭೆಯು 1973ರಲ್ಲಿ ಮಕ್ಕಳ ಪೂಜೆಗಳ ವಿಷಯವಾಗಿ ಹೊರಡಿಸಿದ ನಿರ್ದೇಶದಲ್ಲಿ, ಉಪದೇಶವು ಮಕ್ಕಳೊಡನೆ ಸಂವಾದವಾಗಬಹುದೆಂದೂ, ಪಾದ್ರಿಗೆ ಮಕ್ಕಳ ಮನಸ್ಸಿಗೆ ಹೊಂದಿ ನುಡಿಯುವುದು ಕಷ್ಟವಾದಲ್ಲಿ ಗುರುಗಳ ಒಪ್ಪಿಗೆಯಿಂದ ವಯಸ್ಕರಲ್ಲೊಬ್ಬರು ಮಾತಾಡಬಹುದೆಂದೂ ಹೇಳಿದೆ. ಮಗುವಿನ ಪ್ರಶ್ನೆಗೆ ಸಭೆಯೇ ಬಾಗಿಲು ತೆರೆದಂತಾಯಿತು.

ನಮ್ಮ ಶಾಸ್ತ್ರಕಾರರು ಕರ್ಮಫಲವಿಚಾರದಲ್ಲಿ ಎರಡು ದೋಷಗಳನ್ನು ಹೇಳುತ್ತಾರೆ: ಮಾಡಿದುದರ ಫಲ ತಪ್ಪುವುದು ಕೃತಹಾನಿ; ಮಾಡದುದರ ಫಲ ಬರುವುದು ಅಕೃತಾಭ್ಯಾಗಮ. ಈ ಒರೆಗಲ್ಲಿಗೆ ಹಚ್ಚಿದರೆ ಮೊದಲಿನವರಿಗೆ ಕೃತಹಾನಿಯಾಗಿಲ್ಲ. ಒಪ್ಪಿದ ನಾಣ್ಯ ಕೈಗೆ ಬಂದಿದೆ. ಕಡೆಯವರಿಗೆ ಮಾತ್ರ ದುಡಿಯದುದರ ಫಲ ದೊರೆತಿದೆ. ಆದರೆ ಅವರು ಸೋಮಾರಿಗಳಾಗಿದ್ದರೆ? ಯಜಮಾನನು ಅದನ್ನೇ ಕೇಳಿದನು. ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರು ಹೇಳಿದರು. ಸಂಜೆಯವರೆಗೆ ಪೇಟೆಯಲ್ಲಿ ಕಾದು ನಿಲ್ಲುವುದೂ ಒಂದು ದಣಿವೇ. ದಿನದ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡತಕ್ಕದ್ದೆಂದು ಮೋಶೆಯ ಧರ್ಮಶಾಸ್ತ್ರದ ವಿಧಿ; ಬಡವನ ಜೀವವು ಅದರಲ್ಲಿಯೇ ಇರುವುದರಿಂದ. ಆ ನಾಣ್ಯದ ಹನ್ನೆರಡನೆಯ ಪಾಲಿನಿಂದ ಯಾವ ಮನೆಯ ಒಲೆ ಉರಿದೀತು?

ಇಷ್ಟನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ. ಹಿರಿಯರಿಗೆ ತೊಡಕಾಗುವುದು ಬೇರೊಂದು ಸಂಗತಿ. ಯಜಮಾನನು ಕಡೆಯವರಿಗೆ ಮೊದಲು ಕೊಡಿಸಿದನು. ಮೊದಲಿನವರಿಗೆ ಮೊದಲು ಕೊಟ್ಟಿದ್ದರೆ ಅವರು ತೃಪ್ತರಾಗಿ ಮನೆಗೆ ಹೋಗುತ್ತಿದ್ದರು. ಅವರ ಕಣ್ಣೆದುರಿಗೇ ಕೊಡಿಸಿದುದು ಏತಕ್ಕೆ? ಈ ಕಥೆಗೆ ಸ್ವಲ್ಪ ಮುಂಚೆ, ಎಲ್ಲವನ್ನೂ ಬಿಟ್ಟು ಬಂದ ನಮಗೇನು ದೊರಕುವುದೆಂದು ಪೇತ್ರನು ಕೇಳಿದ್ದನು. ಹಾಗಾದರೆ ಗೊಣಗುವವರು ದುರ್ಜನರಲ್ಲ. ಬೆಳಗಿನಿಂದ ನಿಷ್ಠೆಯಿಂದ ದುಡಿದ ಶಿಷ್ಯರೇ. ಪರರ ಲಾಭವನ್ನು ಕಂಡಾಗಲೇ ತಮ್ಮ ಕೂಲಿ ಕಿರಿದಾಗಿ ತೋರುವ ಆ ನೋವು ಸಜ್ಜನರಿಗೆ ಬರತಕ್ಕದ್ದು. ಕಳ್ಳನಿಗೆ ಅದರ ಗೊಡವೆಯೇ ಇಲ್ಲ. ನಾಲ್ಕನೆಯ ಶತಮಾನದ ಕಡೆಯಲ್ಲಿ ಅಂತಿಯೋಕ್ಯದಲ್ಲಿ ಉಪದೇಶಿಸುತ್ತಿದ್ದ ಕ್ರಿಸೋಸ್ತೊಮನು ಈ ತಾಸುಗಳನ್ನು ಮನುಷ್ಯನ ವಯಸ್ಸುಗಳೆಂದು ವ್ಯಾಖ್ಯಾನಿಸಿದನು. ಮುಪ್ಪಿನಲ್ಲಿ ತಿರುಗಿ ಬಂದವನನ್ನು ಬಾಲ್ಯದಿಂದ ನೇಮನಿಷ್ಠೆಯಲ್ಲಿದ್ದವನು ಯಾವ ಮುಖದಿಂದ ಕಾಣುತ್ತಾನೆಂಬುದೇ ಅಲ್ಲಿಯ ಪರೀಕ್ಷೆ.

ಆಂಗ್ಲ ಗ್ರಂಥಕಾರ ರಸ್ಕಿನ್ನನು 1860ರಲ್ಲಿ ಇದೇ ಕಥೆಯ ಮಾತನ್ನು ತನ್ನ ಅರ್ಥಶಾಸ್ತ್ರಲೇಖನಗಳಿಗೆ ಹೆಸರಾಗಿಟ್ಟನು. ಗಾಂಧಿಯವರು 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವಾಗ ರೈಲಿನಲ್ಲಿ ಅದನ್ನೋದಿ, 1908ರಲ್ಲಿ 'ಸರ್ವೋದಯ'ವೆಂದು ಗುಜರಾತಿಯಲ್ಲಿ ಅದರ ಸಾರವನ್ನು ಬರೆದರು. ಗುಡಿಯೊಳಗಿನ ಸಾಮತಿಯು ಹೀಗೆ ಕೂಲಿಯ ಲೆಕ್ಕದ ಪುಸ್ತಕಕ್ಕೂ ಬಂದಿತು.

ಆದರೂ ಚುರುಕಾದ ಮಗುವಿನ ಕಡೆಯ ಪ್ರಶ್ನೆ ಉಳಿಯುತ್ತದೆ: ಮರುದಿನ ಬೆಳಗಾಗುತ್ತಲೇ ಯಜಮಾನನು ಪೇಟೆಗೆ ಹೋದಾಗ ಅಲ್ಲಿ ಯಾರು ನಿಂತಿದ್ದರು? ಸುವಾರ್ತೆಯು ಅದನ್ನು ಹೇಳುವುದಿಲ್ಲ.