ಕಾಯುವುದು ಎಲ್ಲಿಯವರೆಗೆ?

ಗಣಕಯಂತ್ರದ ಮಾನದಂಡಗಳು ಇನ್ನೂ ಬದಲಾಗುತ್ತಿರುವಾಗ ಕೆಲಸ ಆರಂಭಿಸಬೇಕೇ ಅಥವಾ ಅವು ಸ್ಥಿರವಾಗುವವರೆಗೆ ಕಾಯಬೇಕೇ? ತಂತ್ರಾಂಶ ರಚಿಸುವವರಿಗೆ ಮಾತ್ರ ಸಂಬಂಧಿಸಿದಂತೆ ತೋರುವ ಇದು ವಾಸ್ತವವಾಗಿ ನೀತಿಯ ಪ್ರಶ್ನೆ. ಏಕೆಂದರೆ ಕಾಯೋಣವೆಂದು ತೀರ್ಮಾನಿಸುವವರು ಒಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು.

ನಮ್ಮ ಕನ್ನಡದ ಉದಾಹರಣೆಯನ್ನೇ ನೋಡೋಣ. ಭಾರತೀಯ ಲಿಪಿಗಳಿಗಾಗಿ 'ಇಸ್ಕಿ' ಎಂಬ ರಾಷ್ಟ್ರೀಯ ಮಾನದಂಡ 1991ರಲ್ಲಿ ಬಂತು. ಅದೇ ವರ್ಷ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ವ್ಯವಸ್ಥೆ ಕಲ್ಪಿಸಹೊರಟ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು. ಅದರಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಆದರೆ ಸಾಮಾನ್ಯರ ಯಂತ್ರಗಳಲ್ಲಿ ಅದು ಸರಿಯಾಗಿ ಮೂಡಲು ಹಲವು ವರ್ಷಗಳೇ ಹಿಡಿದವು. ಆ ನಡುವೆ ಜನರ ಕೈಹಿಡಿದದ್ದು 'ಬರಹ', 'ನುಡಿ' ತಂತ್ರಾಂಶಗಳು. ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷಿನ ಸಂಕೇತಗಳ ಮೇಲೆಯೇ ಕೂರಿಸಲಾಗಿತ್ತು. ಹಾಗೆ ಮೈಸೂರಿನಲ್ಲಿ ಟೈಪಾದ ಲಗ್ನಪತ್ರಿಕೆಯನ್ನು ಆ ಫಾಂಟಿಲ್ಲದ ದ್ವಾರಕಾದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಹಾಗಾದರೆ ಕಾದವನೇ ಜಾಣನಲ್ಲವೇ ಎಂದು ಕೇಳಬಹುದು. ಅಲ್ಲ. ಅಂದು ಟೈಪಾದ ಪುಸ್ತಕ, ಪತ್ರಗಳನ್ನು ಪರಿವರ್ತಕ ತಂತ್ರಾಂಶದಿಂದ ಇಂದು ಯೂನಿಕೋಡ್‌ಗೆ ತರಬಹುದು. ಬರೆಯದೆ ಕಾದವನ ಬಳಿ ಪರಿವರ್ತಿಸಲು ಏನಿದೆ?

ಇನ್ನು, ಮಾನದಂಡ ಸ್ಥಿರವಾದೊಡನೆ ನಿರ್ದೋಷವಾಗುತ್ತದೆಂಬುದೂ ಭ್ರಮೆಯೇ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ 'ಫ' ಎಂಬ ಇಂಗ್ಲಿಷ್ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿನ ನಿಯಮ. ಆದ್ದರಿಂದ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಅದು ತಪ್ಪೆಂಬ ಟಿಪ್ಪಣಿ ಸೇರಿದೆ. ಮೊದಲೇ ನಂಬಿ ಕೆಲಸ ಮಾಡಿದವರಿಗೆ ತೊಂದರೆಯಾಗಬಾರದೆಂಬ ಕಾಳಜಿ ಈ ನಿಯಮದಲ್ಲಿದೆ.

ಹಾಗೆಂದು ಆತುರವನ್ನೇ ಧರ್ಮವೆನ್ನಲಾಗದು. ಮುಂದೆ ತಿದ್ದಲಾಗದ ಕೆಲಸದಲ್ಲಿ ಕಾಯುವುದು ವಿವೇಕ. ತಿದ್ದಬಹುದಾದ ಕೆಲಸದಲ್ಲಿ ಕಾಯುವುದು ಎಷ್ಟೋ ಸಲ ಹೊಣೆ ತಪ್ಪಿಸಿಕೊಳ್ಳುವ ಉಪಾಯ. ಹೊಸ ಮಾನದಂಡ ಬರಲೆಂದು ಕಚೇರಿಯೊಂದು ತನ್ನ ತಂತ್ರಾಂಶವನ್ನು ಮುಂದೂಡಿದರೆ ಕಚೇರಿಗೆ ನಷ್ಟವೇನೂ ಇಲ್ಲ. ಸವೆಯುವುದು ಕಿಟಕಿಯ ಮುಂದೆ ನಿಂತ ಪಿಂಚಣಿದಾರನ ದಿನಗಳು.

ಆರಂಭಿಸುವವನಿಗೂ ಒಂದು ಕರ್ತವ್ಯವಿದೆ. ಮೂಲ ಮಾಹಿತಿಯನ್ನು ಜೋಪಾನವಾಗಿಟ್ಟು, ಹೇಗೆ ಬರೆದಿಟ್ಟಿದ್ದೇನೆಂಬುದನ್ನು ದಾಖಲಿಸಿ, ಮುಂದೆ ಬರುವವನು ಅದನ್ನು ಹೊಸ ವ್ಯವಸ್ಥೆಗೆ ಸಾಗಿಸಲು ದಾರಿ ತೆರೆದಿಡಬೇಕು. ಇಷ್ಟು ಮಾಡಿದವನು ಅಪೂರ್ಣ ಮಾನದಂಡಕ್ಕೆ ಅಂಜಬೇಕಾಗಿಲ್ಲ. ಅಲೆ ನಿಂತ ಮೇಲೆ ಸಮುದ್ರಸ್ನಾನ ಮಾಡುತ್ತೇನೆಂದು ಕುಳಿತವನಿಗೆ ಸ್ನಾನವಂತೂ ಆಗುವುದಿಲ್ಲ.