ಅಗಲಿದ ಆಕಳು, ಹೊಸ ಮನೆ ಮತ್ತು ಭರತರಾಜನ ಜಿಂಕೆ



ಸಾಕಿದ ಪ್ರಾಣಿಯು ಅಗಲಿದಾಗ ಉಂಟಾಗುವ ದುಃಖವನ್ನು ಕುರಿತು ಪ್ರವಚನಗಳಲ್ಲಿ ಮಾತು ಬರುವುದು ಅಪರೂಪ. ಮನುಷ್ಯರು ಗತಿಸಿದರೆ ಸೂತಕವುಂಟು, ಹತ್ತು ದಿನಗಳ ಕರ್ಮವುಂಟು, ಬಂಧುಗಳು ಬಂದು ಸಮಾಧಾನ ಹೇಳುವ ಪದ್ಧತಿಯುಂಟು. ಮನೆಯ ಆಕಳೋ ನಾಯಿಯೋ ಗಿಳಿಯೋ ಸತ್ತರೆ ಇವಾವುವೂ ಇಲ್ಲ. ಮರುದಿನವೇ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೊರಡಬೇಕು. ಆದರೆ ಸೂತಕವಿಲ್ಲವೆಂದ ಮಾತ್ರಕ್ಕೆ ದುಃಖವೂ ಇಲ್ಲವೆಂದಾಗುವುದಿಲ್ಲ. ಅದರೊಡನೆ ಹಿರಿಯರು ಬಾಳಿದ ಮನೆಯನ್ನೂ ಬಿಟ್ಟು ಬೇರೆ ಊರಿನಲ್ಲಿ ನೆಲೆಸಬೇಕಾಗಿ ಬಂದರೆ ಮನಸ್ಸು ಎರಡು ಕಡೆಯಿಂದಲೂ ಬರಿದಾಗುತ್ತದೆ. ಇಂಥ ಸಮಯದಲ್ಲಿ ಶಾಸ್ತ್ರವು ನಮಗೆ ಏನನ್ನು ತಿಳಿಸುತ್ತದೆ ಎಂಬುದನ್ನು ಯಥಾಮತಿ ವಿಚಾರಿಸೋಣ.

ಕಮಲಾಪುರದಿಂದ ಕಲಬುರಗಿಗೆ 40 ಕಿಲೋಮೀಟರಿಗೂ ಕಡಿಮೆ ದಾರಿ. ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ಈ ದಾರಿ ಹಿಡಿದು ನಗರಕ್ಕೆ ಬಂದು ನೆಲೆಸಿದ ಮನೆತನಗಳಲ್ಲಿ ನಮ್ಮದೂ ಒಂದು. ಕಮಲಾಪುರದ ಮನೆಯಲ್ಲಿ ಕಪಿಲೆ ಎಂಬ ಆಕಳಿತ್ತು. ದೇವರ ಅಭಿಷೇಕಕ್ಕೆ ಅದರದೇ ಹಾಲು. ನೈವೇದ್ಯವಾದ ಕೆಂಪುಬಾಳೆಯ ಸಿಪ್ಪೆಗಾಗಿ ಅದು ಪೂಜೆಯ ಗಂಟೆ ಕೇಳುತ್ತಲೇ ಕತ್ತೆತ್ತಿ ನಿಲ್ಲುತ್ತಿತ್ತು. ನಗರಕ್ಕೆ ಹೊರಡುವ ಸಿದ್ಧತೆ ನಡೆದಿರುವಾಗಲೇ ವೃದ್ಧಾಪ್ಯದಿಂದ ಮೇವು ಬಿಟ್ಟು, ಒಂದು ನಸುಕಿನಲ್ಲಿ ಪ್ರಾಣ ಬಿಟ್ಟಿತು. ಗೋದಲಿಯಲ್ಲಿ ಹಿಂದಿನ ರಾತ್ರಿ ಹಾಕಿದ ಜೋಳದ ಕಣಿಕೆ ಹಾಗೆಯೇ ಇತ್ತು. ಕಲಬುರಗಿಯ ಮನೆಯ ಗೃಹಪ್ರವೇಶದ ದಿನ, ಪದ್ಧತಿಯಂತೆ ಮೊದಲು ಹೊಸ್ತಿಲು ದಾಟಿಸಲು ಪರರ ಆಕಳು-ಕರುಗಳನ್ನು ಕರೆತರಬೇಕಾಯಿತು. ನಮ್ಮ ಅಜ್ಜಿಯವರು ಆರತಿ ಎತ್ತಿದರು. ಆದರೆ ಆ ಆಕಳ ಮುಖವನ್ನು ನೋಡಲಾರದೆ ತಲೆ ತಗ್ಗಿಸಿದರು. ನಿತ್ಯವೂ ಗೋಗ್ರಾಸವನ್ನು ತೆಗೆದಿಟ್ಟು, ಕೊಡಲು ತಮ್ಮ ಆಕಳಿಲ್ಲವೆಂಬುದು ನೆನಪಾಗಿ, ಶಹಾಬಾದ ಪರಸಿಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತುಬಿಡುತ್ತಿದ್ದರು. ಇಂತಹ ಅನುಭವವು ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳಲ್ಲಿಯೂ ಆಗಿರಲು ಸಾಕು.

ಇಂಥವರಿಗೆ ಕೆಲವರು, “ಒಂದು ಪಶುವಿಗಾಗಿ ಇಷ್ಟೇಕೆ? ಎಲ್ಲವೂ ಮಾಯೆ” ಎಂದು ಹೇಳಿಬಿಡುತ್ತಾರೆ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಆ ಮಾತಿಗೆ ಎಡೆಯಿಲ್ಲ. ಜಗತ್ತು ಸತ್ಯ, ಜೀವರು ಸತ್ಯ, ಅವರ ಪರಸ್ಪರ ಭೇದವೂ ಸತ್ಯ. ಆದ್ದರಿಂದ ಆ ಆಕಳೂ ಸತ್ಯ, ಅದರ ಮೇಲಿನ ಮಮತೆಯೂ ಸತ್ಯ, ಈಗಿನ ಕಣ್ಣೀರೂ ಸತ್ಯವೇ. ಆಚಾರ್ಯರೇ ಪಾಜಕದಲ್ಲಿ ಶಿಶುವಾಗಿದ್ದಾಗ ಮನೆಯ ಪ್ರೀತಿಯ ಎತ್ತಿನ ಬಾಲವನ್ನು ಹಿಡಿದು ಅಡವಿಗೆ ಹೋಗಿ ಸಂಜೆ ಮರಳಿದ ಕಥೆಯನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಹೀಗಿರುವಾಗ ವಿಚಾರಿಸಬೇಕಾದದ್ದು ದುಃಖವು ಇರಬಹುದೇ ಎಂಬುದನ್ನಲ್ಲ. ಆ ದುಃಖವನ್ನು ಎಲ್ಲಿ ಇರಿಸಬೇಕು ಎಂಬುದನ್ನು.

ಇದಕ್ಕೆ ಮೊದಲ ದೃಷ್ಟಾಂತ ಧರ್ಮರಾಜ. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ದಾರಿಯಲ್ಲಿ ಬಿದ್ದ ಮೇಲೆ ಅವನ ಹಿಂದೆ ಉಳಿದದ್ದು ಒಂದು ನಾಯಿ ಮಾತ್ರ. ಇಂದ್ರನು ರಥವನ್ನು ತಂದು ನಾಯಿಯನ್ನು ಬಿಟ್ಟು ಏರೆಂದರೆ ಅವನು ಒಪ್ಪಲಿಲ್ಲ. “ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡಲು ಏನು ಅಡ್ಡಿ?” ಎಂದು ಇಂದ್ರನು ಕೇಳಿದನು. ಧರ್ಮರಾಜನ ಉತ್ತರದ ತಾತ್ಪರ್ಯವಿಷ್ಟು: ಸತ್ತವರನ್ನು ಬದುಕಿಸುವುದು ತನ್ನ ಕೈಯಲ್ಲಿರಲಿಲ್ಲವಾದ್ದರಿಂದ ಅವರನ್ನು ಬಿಟ್ಟು ಬಂದನು, ಬದುಕಿರುವಾಗ ಅವರನ್ನು ಬಿಡಲಿಲ್ಲ. ನಂಬಿ ಬಂದ ಜೀವವನ್ನು ಅದು ಬದುಕಿರುವಾಗ ತೊರೆಯುವುದು ಮಹಾಪಾಪ. ನಾಯಿಯ ರೂಪದಲ್ಲಿದ್ದವನು ಧರ್ಮನೇ ಎಂಬುದು ಬಳಿಕ ತಿಳಿಯಿತು. ಕೊನೆಯ ದಿನದವರೆಗೂ ನೀರುಣಿಸಿ ಮೈದಡವಿದವರು ತಮ್ಮ ಧರ್ಮವನ್ನು ಪೂರ್ಣವಾಗಿ ಮಾಡಿದ್ದಾರೆ. ಅದಕ್ಕಿಂತ ಮುಂದಿನದು ಮನುಷ್ಯನ ಅಧೀನದಲ್ಲಿಲ್ಲ.

ಎರಡನೆಯ ದೃಷ್ಟಾಂತ ಭಾಗವತದ 5ನೆಯ ಸ್ಕಂಧದ ಭರತರಾಜ. ಅವನೂ ಮನೆ ಬಿಟ್ಟು ಬೇರೆಡೆಗೆ ಬಂದವನೇ. ರಾಜ್ಯವನ್ನು ಮಕ್ಕಳಿಗೆ ಹಂಚಿ, ಗಂಡಕೀತೀರದ ಪುಲಹಾಶ್ರಮದಲ್ಲಿ ನೆಲೆಸಿದನು. ಅರಮನೆಯನ್ನು ಬಿಡುವುದು ಅವನಿಗೆ ಕಷ್ಟವಾಗಲಿಲ್ಲ. ಆದರೆ ಸಿಂಹದ ಗರ್ಜನೆಗೆ ಹೆದರಿ ಹಾರಿದ ತುಂಬುಬಸುರಿ ಜಿಂಕೆಯ ಗರ್ಭದಿಂದ ಹೊಳೆಗೆ ಬಿದ್ದ ಮರಿಯೊಂದು ಅವನನ್ನು ಕಟ್ಟಿಹಾಕಿತು. ಮರಿಯನ್ನು ಎತ್ತಿ ತಂದದ್ದು ದಯೆ, ಅದು ದೋಷವಲ್ಲ. ಅದಕ್ಕೆ ಹುಲ್ಲು ತಂದದ್ದೂ ದೋಷವಲ್ಲ. ದಿನಕ್ಕೊಂದರಂತೆ ನಿಯಮಗಳು ಜಾರಿ, ಭಗವತ್ಪೂಜೆಯು ತಪ್ಪಿಹೋದದ್ದೇ ದೋಷ. ಅಂತ್ಯಕಾಲದಲ್ಲಿಯೂ ಜಿಂಕೆಯನ್ನೇ ನೆನೆದು ಅವನು ಜಿಂಕೆಯಾಗಿ ಹುಟ್ಟಿದನು. ಇಷ್ಟನ್ನೇ ಹೇಳಿ ಭಯಪಡಿಸುವವರು ಮುಂದಿನ ಭಾಗವನ್ನು ಬಿಟ್ಟುಬಿಡುತ್ತಾರೆ. ಹಿಂದೆ ಮಾಡಿದ ಭಗವದಾರಾಧನೆಯ ಬಲದಿಂದ ಆ ಜನ್ಮದಲ್ಲಿಯೂ ಅವನಿಗೆ ಸ್ಮರಣೆ ಅಳಿಯಲಿಲ್ಲ. ತಾಯಿಜಿಂಕೆಯನ್ನು ಬಿಟ್ಟು ಮತ್ತೆ ಪುಲಹಾಶ್ರಮಕ್ಕೇ ಬಂದು, ಅದೇ ತೀರ್ಥದಲ್ಲಿ ದೇಹವನ್ನು ಬಿಟ್ಟು, ಮರುಜನ್ಮದಲ್ಲಿ ಜ್ಞಾನಿಯಾದ ಜಡಭರತನಾದನು. ಮಾಡಿದ ಪೂಜೆ ವ್ಯರ್ಥವಾಗದು, ಪಶುದೇಹದಲ್ಲಿಯೂ ಶ್ರೀಹರಿಯು ಕೈಬಿಡನು ಎಂಬುದೇ ಕಥೆಯ ಹೃದಯ.

ಹಾಗಾದರೆ ನಮ್ಮನ್ನು ಅಗಲಿದ ಪ್ರಾಣಿಯು ಈಗ ಎಲ್ಲಿದೆ? ಅದನ್ನು ತಿಳಿಯುವ ಅಧಿಕಾರ ನಮಗಿಲ್ಲ. ಆದರೆ ಅದು ಒಂಟಿಯಾಗಿ ಹೋಗಲಿಲ್ಲವೆಂಬುದು ನಿಶ್ಚಿತ. ಜೀವನು ಅನಾದಿ, ನಿತ್ಯ. ಪ್ರತಿಯೊಬ್ಬ ಜೀವನಲ್ಲಿಯೂ ಬಿಂಬರೂಪಿಯಾದ ಪರಮಾತ್ಮನು ನೆಲೆಸಿದ್ದು, ಯಾವ ದೇಹಕ್ಕೆ ಹೋದರೂ ಜೊತೆಯಲ್ಲಿಯೇ ಇರುತ್ತಾನೆ. ನಮ್ಮ ಜಿಲ್ಲೆಯ ಮಳಖೇಡಕ್ಕೆ ಆಷಾಢ ಬಹುಳ ಪಂಚಮಿಯಂದು ಶ್ರೀ ಟೀಕಾರಾಯರ ಆರಾಧನೆಗೆ ಹೋಗಿಬರುವವರಿಗೆ ಆ ಐತಿಹ್ಯವು ತಿಳಿದೇ ಇದೆ: ಆಚಾರ್ಯರ ಗ್ರಂಥಗಳನ್ನು ಹೊತ್ತು ನಡೆಯುತ್ತ, ನಿತ್ಯವೂ ಪಾಠವನ್ನು ಆಲಿಸುತ್ತಿದ್ದ ಎತ್ತೇ ಮುಂದೆ ಜಯತೀರ್ಥರಾಗಿ ಅವತರಿಸಿ ನ್ಯಾಯಸುಧೆಯನ್ನು ರಚಿಸಿತೆಂದು ಸಂಪ್ರದಾಯವು ಹೇಳುತ್ತದೆ. ಎಲ್ಲ ಪಶುಗಳೂ ಹಾಗೆಯೇ ಎಂದಲ್ಲ. ಆದರೆ ಕೊಟ್ಟಿಗೆಯಲ್ಲಿ ನಿಂತ ಜೀವ ಯಾವುದೆಂದು ಅಳೆಯಲು ನಾವು ಯಾರು? ಘಂಟಾನಾದಕ್ಕೆ ಕಿವಿ ನಿಮಿರಿಸಿದ ಆಕಳಿಗೂ ಒಂದು ಸಾಧನೆ ನಡೆದಿರಬಹುದು.

ಇನ್ನು ಹೊಸ ಮನೆಯ ಮಾತು. ಆಕಳು ನಮ್ಮದು, ಮನೆ ನಮ್ಮದು ಎಂಬ ಅಭಿಮಾನವೇ ಅಗಲಿಕೆಯ ನೋವನ್ನು ಹೆಚ್ಚಿಸುತ್ತದೆ. ಸ್ವಾತಂತ್ರ್ಯವು ಶ್ರೀಹರಿಗೊಬ್ಬನಿಗೇ, ಆ ಮನೆಯನ್ನು ಕೊಟ್ಟವನೂ ಈ ಮನೆಗೆ ಕರೆತಂದವನೂ ಅವನೇ. ಗೋಡೆಗಳು ಬೇರೆಯಾದರೂ ಸಂಪುಟದಲ್ಲಿರುವ ಸಾಲಿಗ್ರಾಮವು ಅದೇ. ದೇವರ ಪೆಟ್ಟಿಗೆಯನ್ನು ಇಳಿಸಿ, ಮೊದಲ ದಿನವೇ ತುಳಸಿಯನ್ನು ನೆಟ್ಟು, ಎಂದಿನ ಹೊತ್ತಿಗೇ ದೀಪ ಹಚ್ಚಿದರೆ ಆ ಸ್ಥಳವು ಮನೆಯಾಗತೊಡಗುತ್ತದೆ. ದುಃಖವಿದ್ದರೆ ಕಣ್ಣೀರಿನೊಡನೆಯೇ ಪೂಜೆ ನಡೆಯಲಿ; ಕಣ್ಣೀರಿನಿಂದ ಪೂಜೆ ಕೆಡುವುದಿಲ್ಲ, ನಿಲ್ಲಿಸಿದರೆ ಮಾತ್ರ ಕೆಡುತ್ತದೆ.

ಪ್ರಾಣಿಗಾಗಿ ನಾವು ಏನು ಮಾಡಬಹುದು? ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಆಕಳು, ನಾಯಿ, ಕಾಗೆ, ಇರುವೆಗಳವರೆಗೆ ಎಲ್ಲ ಜೀವಿಗಳಿಗೂ ನಮ್ಮ ಅನ್ನದಲ್ಲಿ ಪಾಲಿದೆ. ಅಗಲಿದ ಪ್ರಾಣಿಯ ಹೆಸರಿನಲ್ಲಿ ಒಂದು ತುತ್ತನ್ನು ಓಣಿಯ ಪ್ರಾಣಿಗೆ ಹಾಕಿ, ಉಭಯರ ಅಂತರ್ಯಾಮಿಗೆ ಅರ್ಪಿಸಿದರೆ ಅದೇ ಸಾಕು. ನಮ್ಮ ಅಜ್ಜಿಯವರು ಗೋಗ್ರಾಸವನ್ನು ಓಣಿಯ ಆಕಳಿಗೆ ತಾವೇ ಒಯ್ದು ಕೊಡಲು ಮೂರು ತಿಂಗಳು ಹಿಡಿಯಿತು. ಯಾರೂ ಅವಸರಪಡಿಸಲಿಲ್ಲ. ತಮ್ಮ ಮನೆಯಲ್ಲಿ ಹೀಗೆ ಶೋಕಿಸುವ ಹಿರಿಯರೋ ಮಕ್ಕಳೋ ಇದ್ದರೆ ಅವರನ್ನು ಹಾಸ್ಯ ಮಾಡಬಾರದು; ಬೇರೊಂದು ಪ್ರಾಣಿಯನ್ನು ಕೂಡಲೇ ತಂದು ಮರೆಸಲೂ ಹೋಗಬಾರದು. ಬಳಿಯಲ್ಲಿ ಕುಳಿತು ಹರಿಕಥೆಯನ್ನು ಹೇಳಬೇಕು.

ಸಕಲ ಜೀವರ ಒಳಗಿದ್ದು ಪಾಲಿಸುವ ಗೋಪಾಲಕೃಷ್ಣನು ಅಗಲಿದ ಜೀವಕ್ಕೂ ಉಳಿದ ನಮಗೂ ಸದ್ಗತಿಯನ್ನು ಅನುಗ್ರಹಿಸಲಿ.

ಶ್ರೀ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.