ಒರೆಸುವ ಬಟ್ಟೆ, ಉಜ್ಜುವ ಸಾಣೆಕಲ್ಲು

ಪಿಸ್ತೂಲಿನ ಟ್ರಿಗರ್ ಭಾಗಗಳನ್ನು ಮನೆಯಲ್ಲೇ ಬಿಚ್ಚಿ, ಉಜ್ಜಿ, ನುಣುಪು ಮಾಡಿ ಮತ್ತೆ ಜೋಡಿಸುವ ಹವ್ಯಾಸ ಅಮೆರಿಕದಲ್ಲಿ ಬಹಳ ಜನಕ್ಕಿದೆ. ಭಾನುವಾರ ಬಂತೆಂದರೆ ಸ್ಕೂಟರಿನ ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂರುವವರು ನಮ್ಮಲ್ಲಿಲ್ಲವೆ, ಹಾಗೆ. ಮೇಜಿನ ಮೇಲೆ ಹಳೆಯ ಟವೆಲ್ಲು, ಒಂದು ಪುಟ್ಟ ಸೀಸೆ ಎಣ್ಣೆ, ಬೆರಳಗಲದ ಸಾಣೆಕಲ್ಲು, ಭೂತಗನ್ನಡಿ. ಯಾರೂ ಯಾರನ್ನೂ ಕೊಲ್ಲುತ್ತಿಲ್ಲ, ಹೆದರಿಸುತ್ತಲೂ ಇಲ್ಲ. ಇದರಲ್ಲಿ ಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಬಹುದು. ಬಂದಿದೆ ಎಂಬುದೇ ನನ್ನ ವಾದ. ಹಿಂಸೆಯ ಲೆಕ್ಕವನ್ನು ಜೀವ ಹೋದ ಗಳಿಗೆಯಿಂದ ಶುರುಮಾಡದೆ, ಜೀವ ತೆಗೆಯಬಲ್ಲ ವಸ್ತುವನ್ನು ಕೈಗೆತ್ತಿಕೊಂಡ, ಒರೆಸಿದ, ಕೆಳಗಿಟ್ಟ ಗಳಿಗೆಯಿಂದಲೇ ಶುರುಮಾಡಿದವರು ಜೈನ ಆಚಾರ್ಯರು. ಅವರ ಅಳತೆಗೋಲು ಹಿಡಿದು ನೋಡಿದರೆ ಆ ಮೇಜಿನ ಮೇಲೆ ನಡೆಯುತ್ತಿರುವುದು ಒಂದು ಕೆಲಸವಲ್ಲ, ಎರಡು. ಎರಡಕ್ಕೂ ಅದೇ ಎಣ್ಣೆ, ಅದೇ ಕೈ, ಅದೇ ಏಕಾಗ್ರತೆ. ಒಂದನ್ನು ಧರ್ಮ ಒಪ್ಪುತ್ತದೆ, ಇನ್ನೊಂದನ್ನು ಒಪ್ಪುವುದಿಲ್ಲ.

ಮೊದಲು ಯಂತ್ರವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ವಾದ ನಿಂತಿರುವುದು ಅದರ ಮೇಲೆ. ಈ ಹವ್ಯಾಸಿಗಳ ಅಚ್ಚುಮೆಚ್ಚು, ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ .45 ಪಿಸ್ತೂಲು. ಹಿಂದಕ್ಕೆಳೆದ ಹ್ಯಾಮರ್ ಬಲವಾದ ಸ್ಪ್ರಿಂಗಿನ ಒತ್ತಡದಲ್ಲಿ ನಿಂತಿರುತ್ತದೆ. ಅದು ಮುಂದಕ್ಕೆ ಬೀಳದಂತೆ ತಡೆದಿರುವುದು ಸಿಯರ್ ಎಂಬ ಸಣ್ಣ ಉಕ್ಕಿನ ತುಂಡು. ಸಿಯರಿನ ಮೂತಿ ಹ್ಯಾಮರಿನ ಕೊಕ್ಕೆಯನ್ನು ಕಚ್ಚಿಕೊಂಡಿರುತ್ತದೆ. ಆ ಕಚ್ಚಿನ ಆಳ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಟ್ರಿಗರ್ ಒತ್ತಿದರೆ ಮೂತಿ ಜಾರುತ್ತದೆ, ಹ್ಯಾಮರ್ ಬೀಳುತ್ತದೆ, ಗುಂಡು ಹಾರುತ್ತದೆ. ಒಂದಕ್ಕೊಂದು ತಾಗುವ ಈ ಎರಡು ಮುಖಗಳು ಒರಟಾಗಿದ್ದರೆ ಟ್ರಿಗರ್ ತಡೆತಡೆದು ಬರುತ್ತದೆ, ಕೈ ಅಲುಗಿ ಗುರಿ ಕದಲುತ್ತದೆ. ನುಣುಪಾದರೆ ಸಲೀಸು. ಆದರೆ ಉಜ್ಜುವಾಗ ಕೋನ ಕೂದಲೆಳೆಯಷ್ಟು ವಾಲಿದರೂ, ಕೊಕ್ಕೆ ತುಸು ಹೆಚ್ಚು ಸವೆದರೂ ಸಿಯರ್ ನೆಟ್ಟಗೆ ಹಿಡಿಯುವುದಿಲ್ಲ. ಆಮೇಲೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಮುಂದಕ್ಕೆ ಬಡಿದ ಅದುರಾಟಕ್ಕೇ ಹ್ಯಾಮರ್ ಜಾರಿ, ಯಾರೂ ಟ್ರಿಗರ್ ಒತ್ತದೆ ಗುಂಡು ಹಾರಬಹುದು. ಮೇಲ್ಪದರಕ್ಕಷ್ಟೇ ಗಡಸು ಕೊಟ್ಟ ಭಾಗವಾದರೆ ಇನ್ನೊಂದು ಅಪಾಯವಿದೆ: ಆ ಪದರ ಉಜ್ಜಿಹೋದ ಮೇಲೆ ಒಳಗಿನ ಮೆತ್ತನೆಯ ಉಕ್ಕು ಬೇಗ ಸವೆಯುತ್ತದೆ. ಉಜ್ಜಿದ ದಿನ ಸರಿಯಾಗಿ ನಿಂತ ಸಿಯರ್ ಮುಂದೊಂದು ದಿನ, ಬೇರೊಬ್ಬರ ಕೈಯಲ್ಲಿ, ನಿಲ್ಲದೆ ಹೋಗಬಹುದು.

ಈಗ ಶಾಸ್ತ್ರ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಹಿಂಸೆಯನ್ನು ವಿವರಿಸುವಾಗ ಸಾವಿಗಿಂತ ಮೊದಲು ಪ್ರಮಾದವನ್ನು ಹೇಳುತ್ತಾನೆ, ಅಂದರೆ ಎಚ್ಚರಗೇಡಿತನವನ್ನು. ಕುಂದಕುಂದನ ಪ್ರವಚನಸಾರ ಇನ್ನೂ ನಿಷ್ಠುರ: ಎಚ್ಚರ ತಪ್ಪಿ ನಡೆದವನಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ, ಜೀವಹಾನಿ ಆಯಿತೆಂಬಷ್ಟರಿಂದಲೇ ಬಂಧವಿಲ್ಲ. ಇದು ಮನಸ್ಸಿನ ಮಾತಷ್ಟೇ ಎಂದುಕೊಂಡರೆ ತಪ್ಪಾದೀತು. ಅದೇ ತತ್ತ್ವಾರ್ಥಸೂತ್ರ ಕರ್ಮ ಒಳಹರಿಯಲು ಆಸರೆಯಾಗುವ ನಿರ್ಜೀವ ಸಂಗತಿಗಳನ್ನೂ ವಿಂಗಡಿಸುತ್ತದೆ: ವಸ್ತುವನ್ನು ತಯಾರಿಸುವುದು, ಇಡುವುದು, ಒಂದಕ್ಕೊಂದು ಸೇರಿಸುವುದು ಇತ್ಯಾದಿ. ಕನ್ನಡ ನಾಡಿನ ಪೂಜ್ಯಪಾದ ತನ್ನ ಸರ್ವಾರ್ಥಸಿದ್ಧಿಯಲ್ಲಿ ‘ಇಡುವುದು’ ಒಂದನ್ನೇ ನಾಲ್ಕಾಗಿ ಬಿಡಿಸುತ್ತಾನೆ. ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಲ್ಲಿ ಇಡುವುದು, ಗಮನವಿಲ್ಲದೆ ಇಡುವುದು. ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡೆಗಳಲ್ಲಿ, ಒಂದು ಪೂರ್ತಿ ಸಮಿತಿ ಎತ್ತುವ ಮತ್ತು ಇಡುವ ಕ್ರಿಯೆಗೇ ಮೀಸಲು. ದಿಗಂಬರ ಮುನಿ ಕಮಂಡಲವನ್ನು ಕೆಳಗಿಡುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲ ಸವರುವುದನ್ನು ಶ್ರವಣಬೆಳಗೊಳದಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಪಾತ್ರೆಗೇ ಇಷ್ಟು ಜಾಗ್ರತೆ ಕೇಳುವ ಧರ್ಮ ಪಿಸ್ತೂಲಿನ ಬಗ್ಗೆ ಸುಮ್ಮನಿದ್ದೀತೆ?

ಇಲ್ಲಿ ಕಟ್ಟಾ ಅಹಿಂಸಾವಾದಿಯೊಬ್ಬ ಎದ್ದು, ಹಾಗಾದರೆ ಆಯುಧವನ್ನೇ ಇಟ್ಟುಕೊಳ್ಳಬಾರದು, ಒರೆಸುವ ಮಾತೆಲ್ಲಿಂದ ಬಂತು ಎನ್ನಬಹುದು. ಮುನಿಗೆ ಅದು ಸರಿ. ಆದರೆ ಗೃಹಸ್ಥನಿಗೆ ಬೇರೆ ಅಳತೆ ಇದೆ, ಅದನ್ನು ಇಟ್ಟವರೂ ಜೈನರೇ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಕತ್ತಿ ಹಿಡಿದು ಯುದ್ಧ ಮಾಡಿದವನು. 978ರಲ್ಲಿ ಕನ್ನಡದಲ್ಲಿ ತೀರ್ಥಂಕರರ ಪುರಾಣ ಬರೆದ ಅದೇ ಮನುಷ್ಯ ಸಂಸ್ಕೃತದಲ್ಲಿ ಚಾರಿತ್ರಸಾರವೆಂಬ ಆಚಾರಗ್ರಂಥವನ್ನೂ ಬರೆದ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳಲು ಎದುರಿಸಿ ನಿಂತಾಗ ಆಗುವ ಹಿಂಸೆಯನ್ನು ಬೇಕೆಂದೇ ಮಾಡುವ ಹಿಂಸೆಯಿಂದ ಬೇರೆಯಾಗಿ ಎಣಿಸುವ ಸಂಪ್ರದಾಯ ಅದು. ಕಾನೂನುಬದ್ಧವಾಗಿ ಆಯುಧ ಇಟ್ಟುಕೊಂಡವನಿಗೆ ಈ ಅಳತೆಯಲ್ಲಿ ಜಾಗವಿದೆ. ಜಾಗವಿದ್ದ ಮೇಲೆ ಅದನ್ನು ಶುಚಿಯಾಗಿಡುವುದು ಅವನ ಇಷ್ಟಾನಿಷ್ಟದ ಮಾತಲ್ಲ, ಕರ್ತವ್ಯ. ಮಸಿ ಕಟ್ಟಿದ, ಎಣ್ಣೆ ಜಿಡ್ಡುಗಟ್ಟಿದ, ತುಕ್ಕು ಹತ್ತಿದ ಟ್ರಿಗರ್ ಭಾಗ ಎಲ್ಲಿ ಸಿಕ್ಕಿಬೀಳುತ್ತದೆ, ಎಲ್ಲಿ ಬಿಟ್ಟುಬಿಡುತ್ತದೆ ಎಂದು ಯಾರೂ ಹೇಳಲಾರರು. ಖಾಲಿ ಇದೆಯೆಂದು ಎರಡು ಸಲ ನೋಡಿ, ಬಿಚ್ಚಿ, ಮಸಿ ತೆಗೆದು, ತೆಳುವಾಗಿ ಎಣ್ಣೆ ಸವರಿ, ಇದ್ದ ಹಾಗೆಯೇ ಜೋಡಿಸುವವನು ಪೂಜ್ಯಪಾದನ ನಾಲ್ಕು ದೋಷಗಳಿಂದಲೂ ದೂರ ಇದ್ದಾನೆ. ಇದು ಬಟ್ಟೆಯ ಕೆಲಸ.

ಸಾಣೆಕಲ್ಲಿನ ಕೆಲಸ ಬೇರೆ ಜಾತಿಯದು. ಬಟ್ಟೆ ವಸ್ತುವನ್ನು ಅದು ಇರಬೇಕಾದ ಸ್ಥಿತಿಗೆ ತರುತ್ತದೆ. ಕಲ್ಲು ಅದನ್ನು ಇದ್ದದ್ದಕ್ಕಿಂತ ಬೇರೆ ಮಾಡುತ್ತದೆ. ಟ್ರಿಗರಿನ ಭಾರ ಎಂದರೆ ಏನು? ಬೆರಳಿಗೂ ಗುಂಡಿಗೂ ನಡುವೆ ಯಂತ್ರ ಕಟ್ಟಿದ ಒಂದು ತಡೆ. ಬೆಚ್ಚಿದ ಬೆರಳು ತಾನಾಗಿ ಮಡಿಚಿಕೊಂಡರೆ ಸಾಲದು, ಮನುಷ್ಯ ಒತ್ತಬೇಕು ಎಂಬ ಕಟ್ಟಳೆ ಆ ಉಕ್ಕಿನಲ್ಲಿದೆ. ಅದನ್ನು ಮನೆಯಲ್ಲಿ, ಅಂದಾಜಿನ ಮೇಲೆ ಸವೆಸುವವನು ತನ್ನ ಮತ್ತು ಪಕ್ಕದ ಕೋಣೆಯಲ್ಲಿರುವವರ ನಡುವಿನ ತಡೆಯನ್ನೂ ಸವೆಸುತ್ತಿರುತ್ತಾನೆ. ಗೃಹಸ್ಥನ ವ್ರತಗಳಲ್ಲಿ ಅನರ್ಥದಂಡದ ತ್ಯಾಗ ಒಂದು. ಕಾರಣವಿಲ್ಲದೆ ಹಾನಿಗೆ ದಾರಿ ಮಾಡುವುದನ್ನು ಬಿಡುವುದು ಅದರ ಸಾರ. ಆ ವ್ರತಕ್ಕೆ ಹೇಳಿರುವ ಲೋಪಗಳಲ್ಲಿ ಒಂದು ಅಸಮೀಕ್ಷ್ಯಾಧಿಕರಣ: ಪ್ರಯೋಜನ ಎಷ್ಟೆಂದು ನೋಡದೆ ಅತಿಯಾಗಿ ಮಾಡುವುದು. ಮಾರ್ಗದರ್ಶಿ ಜಿಗ್ ಇಲ್ಲದೆ, ಟ್ರಿಗರಿನ ಭಾರ ಅಳೆಯುವ ಮಾಪಕವಿಲ್ಲದೆ, ಇನ್ನೂ ಸ್ವಲ್ಪ ನುಣುಪಾಗಲಿ ಎಂದು ಕಲ್ಲು ಆಡಿಸುತ್ತ ಕೂತವನಿಗೆ ಇದಕ್ಕಿಂತ ನಿಖರವಾದ ಹೆಸರು ನನಗೆ ಗೊತ್ತಿಲ್ಲ.

ಗುರಿಕಾರಿಕೆ ಕ್ರೀಡೆಯಲ್ಲವೆ, ಅದಕ್ಕೆ ಹಗುರ ಟ್ರಿಗರ್ ಬೇಡವೆ ಎಂಬ ಆಕ್ಷೇಪ ನ್ಯಾಯವಾದದ್ದು. ಬೇಕು. ಆದರೆ ಆ ಕ್ರೀಡೆಯ ನಿಯಮಪುಸ್ತಕವೇ ನನ್ನ ಪಕ್ಷದಲ್ಲಿದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಹೊರಬೇಕು, 25 ಮೀಟರ್ ಪಿಸ್ತೂಲು 1000 ಗ್ರಾಂ. ಸ್ಪರ್ಧೆಯಲ್ಲಿ ತೂಕದ ಬಟ್ಟು ನೇತುಹಾಕಿ ಪರೀಕ್ಷಿಸುತ್ತಾರೆ. ತಡೆಯದಿದ್ದರೆ ಆಯುಧವನ್ನು ಒಪ್ಪುವುದಿಲ್ಲ. 50 ಮೀಟರಿನ ಫ್ರೀ ಪಿಸ್ತೂಲಿಗೆ ಮಾತ್ರ ಇಂಥ ಮಿತಿ ಇಲ್ಲ, ಅದು ಒಂದೊಂದೇ ಗುಂಡು ತುಂಬಿ, ಕಟ್ಟುನಿಟ್ಟಿನ ಅಂಕಣದಲ್ಲಿ ಹೊಡೆಯುವ ಆಯುಧ. ಎಂದರೆ ಹಗುರತನವನ್ನು ಬಯಸುವವರೇ ಅದಕ್ಕೆ ಜಾಗ ಗೊತ್ತುಮಾಡಿ, ಅಳೆದು, ಎಲ್ಲರೆದುರು ಪರೀಕ್ಷಿಸಿದ್ದಾರೆ. ಸಮೀಕ್ಷೆ ಎಂದರೆ ಇದೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ತೇಲಿಸಿ ಬಿಡುವಂತಿಲ್ಲ. ಭಾರವಾದ ಟ್ರಿಗರೇ ಜೀವಕ್ಕೆ ಎರವಾಗಬಹುದು. ನ್ಯೂಯಾರ್ಕ್ ಪೊಲೀಸರ ಪಿಸ್ತೂಲುಗಳಿಗೆ ಬಹುಕಾಲ ಮಾಮೂಲಿಗಿಂತ ಎರಡು ಪಟ್ಟು ಬಿಗಿಯಾದ, 12 ಪೌಂಡಿನ, ಅಂದರೆ ಸುಮಾರು 5.4 ಕಿಲೋ ಭಾರದ ಟ್ರಿಗರ್ ಇತ್ತು. ಅಚಾತುರ್ಯದಿಂದ ಗುಂಡು ಹಾರಬಾರದು ಎಂಬುದು ಉದ್ದೇಶ. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಇಬ್ಬರು ಪೊಲೀಸರು ಕೊಲೆಗಾರನೊಬ್ಬನತ್ತ 16 ಗುಂಡು ಹಾರಿಸಿದಾಗ ದಾರಿಹೋಕರು ಒಂಬತ್ತು ಮಂದಿ ಗಾಯಗೊಂಡರು, ಅಷ್ಟೂ ಜನ ಪೊಲೀಸರ ಗುಂಡು ಮತ್ತು ಅದರ ಚೂರುಗಳಿಂದಲೇ. ಟ್ರಿಗರ್ ಬಿಗಿಯಾಗಿದ್ದರಿಂದ ಗುರಿ ತಪ್ಪಿತು ಎಂದು ಟೀಕಾಕಾರರು ಆಗ ವಾದಿಸಿದರು. ಜನಜಂಗುಳಿಯಲ್ಲಿ, ಎದುರಾಳಿ ಪಿಸ್ತೂಲು ತೋರಿಸುತ್ತಿದ್ದಾಗ ತಪ್ಪಿದ ಗುರಿಗೆ ಟ್ರಿಗರ್ ಒಂದನ್ನೇ ದೂರುವುದು ಕಷ್ಟ. ಆದರೂ ವಾದದ ತಿರುಳನ್ನು ಒಪ್ಪಲೇಬೇಕು: ಭಾರ ಹೆಚ್ಚಿದಷ್ಟೂ ಪುಣ್ಯ ಎಂಬ ಲೆಕ್ಕವಿಲ್ಲ. ಜೈನರ ಅಳತೆಯೂ ಭಾರವನ್ನು ಕೇಳುವುದಿಲ್ಲ, ಪರಿಶೀಲನೆಯನ್ನು ಕೇಳುತ್ತದೆ. ಯಾವ ಜಾಗ, ಯಾರ ಕೈ, ಅಪಾಯ ಯಾರ ಪಾಲಿಗೆ ಎಂದು ಯೋಚಿಸಿ ಭಾರ ಗೊತ್ತುಮಾಡಿದ ಇಲಾಖೆಗೆ ತನ್ನ ತೀರ್ಮಾನವನ್ನು ತಿದ್ದಿಕೊಳ್ಳಲು ದಾರಿ ಇದೆ. ಸಾವಿರಾರು ಪಿಸ್ತೂಲುಗಳ ಅನುಭವ ಅದರ ಮುಂದಿದೆ. ಅಡುಗೆಮನೆಯ ಮೇಜಿಗೆ ಆ ಎರಡೂ ಇಲ್ಲ. ಉಜ್ಜಿಹೋದ ಉಕ್ಕು ವಾಪಸು ಬರುವುದಿಲ್ಲ.

ಆಯುಧವನ್ನೇ ಪೂಜಿಸುವ ನಮ್ಮಲ್ಲಿ ಇಷ್ಟು ಮಡಿವಂತಿಕೆ ಯಾಕೆ ಎನ್ನುವವರಿಗೆ ಕೊಡಗಿನ ಕೈಲ್‌ಪೊಳ್ದ್ ಹಬ್ಬವನ್ನು ತೋರಿಸುತ್ತೇನೆ. ನಾಟಿ ಕೆಲಸದ ದಿನಗಳಲ್ಲಿ ಕೋವಿ ಒಳಕೋಣೆ ಸೇರಿರುತ್ತದೆ. ಗದ್ದೆ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಅದನ್ನು ಹೊರತೆಗೆದು, ಒರೆಸಿ, ತೋಕ್ ಪೂ ಎಂಬ ಕೆಂಪು ಹಳದಿ ಹೂವಿನಿಂದ ಸಿಂಗರಿಸಿ, ಹಿರಿಯರ ದೀಪದ ಮುಂದಿಟ್ಟು ಕೈಮುಗಿಯುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬ ಲೆಕ್ಕ ಇರುವ ಸಮಾಜ ಅದು; ಅಲ್ಲಿ ಗುಂಡಿನ ಸದ್ದಿಗೂ ವ್ಯಾಕರಣವಿದೆ. ಮೈಸೂರಿನ ಅರಮನೆಯ ಆಯುಧಪೂಜೆಯಲ್ಲಿ ಕತ್ತಿ ಬಳಕೆಗಲ್ಲ, ಪೂಜೆಗೆ ಕೂತಿರುತ್ತದೆ. ಪೂಜೆ ಆಯುಧವನ್ನು ಹರಿತ ಮಾಡುವ ಕ್ರಿಯೆಯಲ್ಲ. ಯಾವಾಗ ಎತ್ತಬೇಕು, ಯಾವಾಗ ಇಡಬೇಕು ಎಂದು ಸಮಾಜವೇ ಕಾಲ ಗೊತ್ತುಮಾಡುವ ಕ್ರಮ. ಹೂವಿಟ್ಟವರಾರೂ ಟ್ರಿಗರನ್ನು ಹಗುರ ಮಾಡಬೇಕಾಗಿಲ್ಲ.

ಕೊನೆಯ ಆಕ್ಷೇಪ ಸೂಕ್ಷ್ಮವಾದದ್ದು, ನನಗೆ ಎಲ್ಲಕ್ಕಿಂತ ಹಿಡಿಸಿದ್ದೂ ಅದೇ. ಗಂಟೆಗಟ್ಟಲೆ ಒಂದು ಉಕ್ಕಿನ ತುಂಡಿನ ಮೇಲೆ ಮನಸ್ಸು ನಿಲ್ಲಿಸುವುದು ಒಂದು ಬಗೆಯ ಧ್ಯಾನ, ಕೌಶಲವೇ ಯೋಗ, ಅಂಥವನನ್ನು ಎಚ್ಚರಗೇಡಿ ಎನ್ನುವುದು ಹೇಗೆ? ಏಕಾಗ್ರತೆ ಮತ್ತು ಎಚ್ಚರ ಒಂದೇ ಎಂದುಕೊಂಡಿರುವುದೇ ಈ ವಾದದ ದೋಷ. ಬೆರಳಿನ ಕೆಳಗಿನ ನುಣುಪಿನಲ್ಲಿ ಪೂರ್ತಿ ಮುಳುಗಿದವನು ಈ ವಸ್ತು ಯಾತಕ್ಕಿದೆ ಎಂಬುದನ್ನು ಅಷ್ಟೇ ಪೂರ್ತಿ ಮರೆತಿರಬಲ್ಲ. ಜೈನರು ಧ್ಯಾನವನ್ನೂ ಒಳ್ಳೆಯದು ಕೆಟ್ಟದು ಎಂದು ವಿಂಗಡಿಸಿದ್ದು ಸುಮ್ಮನಲ್ಲ. ಎಚ್ಚರಕ್ಕೆ ಮನೆಯ ಇತರರೂ ಕಾಣಬೇಕು. ಹನ್ನೆರಡನೆಯ ಶತಮಾನದ ಗುಜರಾತಿನ ಹೇಮಚಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒನಕೆ ಒರಳು, ನೇಗಿಲು ಗುಳ, ಬಿಲ್ಲು ಬಾಣ ಇವುಗಳನ್ನು ಜೋಡಿಸಿ ಸಿದ್ಧವಾಗಿಡುವುದೇ ದೋಷ ಎಂದು ಎಣಿಸಿದ. ಜೋಡಿಸಿಟ್ಟದ್ದನ್ನು ಯಾರು ಬೇಕಾದರೂ ಒಯ್ಯಬಹುದು. ಬಿಡಿಯಾಗಿದ್ದರೆ ಕೇಳಿ ಬಂದವನಿಗೆ ಇಲ್ಲವೆನ್ನುವುದು ಸುಲಭ. ಪಿಸ್ತೂಲು ಒಂದು ಕಪಾಟಿನಲ್ಲಿ, ಗುಂಡು ಇನ್ನೊಂದು ಕಪಾಟಿನಲ್ಲಿ, ಎರಡಕ್ಕೂ ಬೀಗ ಎಂದು ಇಂದಿನ ಸುರಕ್ಷತಾ ಪಾಠಗಳು ಹೇಳುವುದೂ ಇದನ್ನೇ.

ಭಾರತದ ಮಟ್ಟಿಗೆ ಈ ಗೆರೆಯನ್ನು ಕಾನೂನೂ ಹತ್ತಿರ ಹತ್ತಿರ ಇಲ್ಲಿಯೇ ಎಳೆದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕಿನ ತಯಾರಿಕೆ ಮತ್ತು ಮಾರಾಟದ ಜೊತೆಗೆ ಪರಿವರ್ತನೆ, ದುರಸ್ತಿಗಳಿಗೂ ಪ್ರತ್ಯೇಕ ಪರವಾನಗಿ ಕೇಳುತ್ತದೆ. ಇಟ್ಟುಕೊಳ್ಳಲು ಸಿಕ್ಕ ಲೈಸೆನ್ಸು ಅದಕ್ಕೆ ಸಾಲದು. ಲೈಸೆನ್ಸು ಇರುವವರು ಮಸಿ ಒರೆಸಿ ಎಣ್ಣೆ ಹಾಕುವಷ್ಟಕ್ಕೆ ನಿಲ್ಲಿಸಿ, ಟ್ರಿಗರ್ ಒರಟಾಗಿದೆ ಅನ್ನಿಸಿದರೆ ಪಿಸ್ತೂಲನ್ನು ಪರವಾನಗಿ ಇರುವ ದುರಸ್ತಿಗಾರರಿಗೆ ಕೊಡಿ, ಮಾಡಿದ ಮೇಲೆ ಟ್ರಿಗರಿನ ಭಾರವನ್ನು ನಿಮ್ಮೆದುರೇ ಅಳೆದು ತೋರಿಸಲು ಹೇಳಿ.